ಹಿತ್ತಲಿನ ಪ್ರಾಣಿಗಳನ್ನು ಹೆದರಿಸದೆ ಡ್ರೋನ್‌ನಲ್ಲಿ ಫೋಟೊ ತೆಗೆಯೋದು ಹೇಗೆ

ನಮ್ಮ ಹಿತ್ತಲಲ್ಲಿ ಒಂದು ದೊಡ್ಡ ಹಲಸಿನ ಮರ ಇದೆ. ಹಣ್ಣಿನ ಕಾಲಕ್ಕೆ ಕೆಂದಳಿಲು ಬಂದೇ ಬರುತ್ತದೆ. ಡ್ರೋನ್ ತಂದ ಹೊಸದರಲ್ಲಿ ಸೀದಾ ಆ ಮರದ ಹತ್ತಿರಕ್ಕೇ ಹಾರಿಸಿದೆ. ಅಳಿಲು ಓಡಲಿಲ್ಲ. ಕೊಂಬೆಗೆ ಹೊಟ್ಟೆ ಒತ್ತಿಕೊಂಡು ಅಲ್ಲಾಡದೆ ಮಲಗಿತು. ಎಷ್ಟು ಚೆನ್ನಾಗಿ ಕೂತಿದೆ ಅಂದುಕೊಂಡು ಇಪ್ಪತ್ತು ಫೋಟೊ ತೆಗೆದೆ. ಆಮೇಲೆ ದೊಡ್ಡದು ಮಾಡಿ ನೋಡಿದರೆ ಬಾಯಲ್ಲಿ ಕಚ್ಚಿದ ತೊಳೆ ಹಾಗೇ ಇದೆ, ಇಪ್ಪತ್ತರಲ್ಲೂ ಅಗಿದಿಲ್ಲ. ಹದ್ದು ಕಂಡಾಗ ಅದು ಮಾಡುವುದೂ ಇದನ್ನೇ. ಆ ಫೋಟೊಗಳನ್ನು ನಾನು ಯಾರಿಗೂ ತೋರಿಸಿಲ್ಲ.

ಓಡಲಿಲ್ಲ ಅಂದ ಮಾತ್ರಕ್ಕೆ ಹೆದರಲಿಲ್ಲ ಅಂತ ತಿಳಿಯಬೇಡಿ. ಅಮೆರಿಕದ ಮಿನೆಸೋಟದಲ್ಲಿ ಕಪ್ಪು ಕರಡಿಗಳ ಎದೆಬಡಿತ ಅಳೆಯುತ್ತಾ ಮೇಲೆ ಡ್ರೋನ್ ಹಾರಿಸಿ ನೋಡಿದರು. 2015ರಲ್ಲಿ ಅದರ ವಿವರ ಪ್ರಕಟವಾಯಿತು. ನೋಡಲು ಹೆಚ್ಚಿನವು ಸುಮ್ನೆ ಇದ್ದವು, ಆದರೆ ಒಂದು ತಾಯಿ ಕರಡಿಯ ಬಡಿತ ನಿಮಿಷಕ್ಕೆ 39ರಿಂದ 162ಕ್ಕೆ ಏರಿತ್ತು.

ಹಾಗಾಗಿ ಮೊದಲ ಮೂರ್ನಾಲ್ಕು ದಿನ ಡ್ರೋನ್ ಪೆಟ್ಟಿಗೆಯಲ್ಲೇ ಇರಲಿ. ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತು ನೋಡಿ: ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ಕೊಂಬೆಯಲ್ಲಿ ಕೂರುತ್ತಾರೆ, ನೆಮ್ಮದಿಯಾಗಿ ತಿನ್ನುವಾಗ ಹೇಗೆ ಕಾಣುತ್ತಾರೆ. ಇದು ಗೊತ್ತಿದ್ದರೆ ಮಾತ್ರ ಗಾಬರಿಯಾದಾಗ ಗುರುತು ಸಿಗುತ್ತದೆ. ಹಕ್ಕಿ ಕಡ್ಡಿ ಅಥವಾ ಹುಳ ಕಚ್ಚಿಕೊಂಡು ಒಂದೇ ಕಡೆ ಮತ್ತೆ ಮತ್ತೆ ಹೋಗುತ್ತಿದೆ ಅಂದರೆ ಅಲ್ಲಿ ಗೂಡಿದೆ. ಮರಿ ಹಾರಿ ಹೋಗುವ ತನಕ ಆ ಕಡೆ ಹಾರಿಸಲೇಬೇಡಿ. ತಾಯಿ ಎದ್ದು ಹೋದ ಎರಡು ನಿಮಿಷ ಸಾಕು, ಕಾಗೆ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಗೂಡನ್ನು ಕದಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ.

ಹಾರಿಸುವ ದಿನ ಮರದ ಬುಡದಿಂದ ಎಬ್ಬಿಸಬೇಡಿ. ಏಳುವಾಗಲೇ ಸದ್ದು ಜೋರು. ಮನೆಯ ಮುಂದಿನ ಅಂಗಳದಿಂದ ಅಥವಾ ತಾರಸಿಯಿಂದ, ಪ್ರಾಣಿಯಿಂದ ಒಂದು ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಎಬ್ಬಿಸಿ, ಬೇಕಾದ ಎತ್ತರಕ್ಕೆ ಅಲ್ಲೇ ಏರಿಸಿ, ಆಮೇಲೆ ಅತ್ಯಂತ ನಿಧಾನದ ಮೋಡ್‌ನಲ್ಲಿ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತನ್ನಿ. ಐದು ಮೀಟರ್ ಬಂದಿರಾ, ನಿಲ್ಲಿಸಿ, ನೋಡಿ, ಮತ್ತೆ ಮುಂದೆ. ನೆತ್ತಿಯ ಮೇಲಿಂದ ಮಾತ್ರ ಇಳಿಸಬೇಡಿ. ಫ್ರಾನ್ಸಿನಲ್ಲಿ ನೀರುಹಕ್ಕಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ನೇರ ಮೇಲಿಂದ ಬಂದ ಡ್ರೋನ್‌ಗೇ ಅವು ಜಾಸ್ತಿ ಬೆದರಿದ್ದವು. ಮೇಲಿಂದ ಬರುವುದು ಹದ್ದು ತಾನೇ? ನೆರಳಿನ ಮೇಲೂ ಕಣ್ಣಿರಲಿ. ಡ್ರೋನ್ ನೆರಳು ಅಂಗಳದ ಮೇಲೆ ಹಾದು ಹೋದರೆ ಸಾಕು, ಹೇಟೆ ಒಂದು ಥರ ಎಳೆದು ಕೂಗುತ್ತದೆ, ಮರಿಗಳೆಲ್ಲಾ ಒಂದೇ ಉಸಿರಿಗೆ ಅದರ ರೆಕ್ಕೆಯಡಿ ನುಗ್ಗುತ್ತವೆ.

ತಿನ್ನುವುದು ನಿಂತಿತು, ಕತ್ತು ಉದ್ದವಾಯಿತು, ತಲೆ ಡ್ರೋನ್ ಕಡೆ ತಿರುಗಿತು, ಬಾಲ ಪಟಪಟ ಬಡಿಯಿತು, ಇಲ್ಲ ಕೂಗು ಬದಲಾಯಿತು. ಇದರಲ್ಲಿ ಒಂದು ಕಂಡರೂ ಬಂದ ದಾರಿಯಲ್ಲೇ ನಿಧಾನವಾಗಿ ಹಿಂದೆ ತನ್ನಿ. ಗಾಬರಿಯಲ್ಲಿ ಸರ್ರನೆ ತಿರುಗಿಸಿದರೆ ಸದ್ದು ಇನ್ನೂ ಏರುತ್ತದೆ. ಹದ್ದೋ ಗರುಡವೋ ಸುತ್ತು ಹಾಕತೊಡಗಿದರೆ, ಕಾಜಾಣ ಎರಗಿದರೆ, ಅವತ್ತಿಗೆ ಅಷ್ಟೇ. ರೆಕ್ಕೆ ಡ್ರೋನಿನ ಪಂಖಕ್ಕೆ ಸಿಕ್ಕರೆ ಹಕ್ಕಿ ಉಳಿಯುವುದು ಕಷ್ಟ. ಎಲ್ಲಾ ಸರಿಯಿದ್ದರೂ ಐದಾರು ನಿಮಿಷ ಸಾಕು, ದಿನಾ ಬೇಡ.

ಕೊಳ್ಳುವವರಿದ್ದರೆ 250 ಗ್ರಾಂ ಒಳಗಿನ ಚಿಕ್ಕ ಡ್ರೋನ್ ನೋಡಿ. ಸದ್ದು ಕಡಿಮೆ, 2021ರ ಡ್ರೋನ್ ನಿಯಮಗಳಲ್ಲಿ ಅದಕ್ಕೆ ಪೈಲಟ್ ಲೈಸೆನ್ಸ್ ಕೂಡ ಬೇಡ. ಜೂಮ್ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ದೂರದಿಂದಲೇ 4ಕೆಯಲ್ಲಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ನಿಮ್ಮ ಊರು ಡ್ರೋನ್ ಹಾರಾಟದ ಯಾವ ವಲಯದಲ್ಲಿದೆ ಅಂತ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿ. ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಮನೆ ಅಭಯಾರಣ್ಯದ ಅಂಚಿನಲ್ಲಿದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಬಿಡಿ, ಅವರ ಹಿತ್ತಲಲ್ಲಿ ಬಚ್ಚಲು, ಬಟ್ಟೆ ಒಗೆಯೋ ಕಲ್ಲು ಎಲ್ಲಾ ಇರುತ್ತದಲ್ವಾ.

ಕೆಲವು ಹಿತ್ತಲುಗಳಿಗೆ ಡ್ರೋನ್ ಬೇಡವೇ ಬೇಡ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಒಮ್ಮೆಲೇ ಎದ್ದರೆ ಗೂಡಿನಿಂದ ಮರಿಗಳು ಕೆಳಗೆ ಬೀಳಬಹುದು. ಅಲ್ಲಿ ಯಾರದಾದರೂ ಜಗಲಿಯಲ್ಲಿ ಕೇಳಿಕೊಂಡು ಕೂತು, ಉದ್ದ ಲೆನ್ಸ್ ಹಾಕಿ ತೆಗೆಯಿರಿ.