ಹೆಸರು ಕೊನೆಗೆ, ಕೆಲಸ ಮೊದಲು: ಮುಖ್ಯ ಕೋಚ್ ಆಯ್ಕೆಯಲ್ಲಿ ನನ್ನ ಅನುಭವ

ವೃತ್ತಿಪರ ಫುಟ್‌ಬಾಲ್ ತಂಡವೊಂದರ ಮುಖ್ಯ ಕೋಚ್ ಹುದ್ದೆ ತೆರವಾದ ಕೂಡಲೇ ಹೆಸರುಗಳು ತಾವಾಗಿಯೇ ಬಂದು ಸೇರುತ್ತವೆ. ಏಜೆಂಟರು ಫೋನ್ ಮಾಡುತ್ತಾರೆ, ಆಡಳಿತ ಮಂಡಳಿಯ ಪ್ರತಿಯೊಬ್ಬರ ಮನಸ್ಸಿನಲ್ಲೂ ಯಾರೋ ಒಬ್ಬರು ಇರುತ್ತಾರೆ, ಅಭಿಮಾನಿಗಳು ಹಳೆಯ ನಾಯಕನನ್ನೇ ಕರೆತನ್ನಿ ಎನ್ನುತ್ತಾರೆ. ಕ್ಲಬ್ಬಿನ ಕ್ರೀಡಾ ನಿರ್ದೇಶಕನಾಗಿ ಈ ಆಯ್ಕೆಯ ಹೊಣೆ ನನ್ನ ಮೇಲೆ ಬಂದಾಗ ನಾನು ಮಂಡಳಿಯನ್ನು ಕೇಳಿಕೊಂಡದ್ದು ಒಂದೇ ಮಾತು: ಹೊಸಬರು ಬಂದು ಮಾಡಬೇಕಾದ ಕೆಲಸವೇನು ಎಂಬುದನ್ನು ಬರೆದು ಎಲ್ಲರೂ ಒಪ್ಪುವವರೆಗೆ ಸಭೆಯಲ್ಲಿ ಯಾರ ಹೆಸರನ್ನೂ ಎತ್ತಬಾರದು. ಹೆಸರು ಒಮ್ಮೆ ಕಿವಿಗೆ ಬಿದ್ದ ಮೇಲೆ ಬರೆಯುವ ಅರ್ಹತೆಗಳು ಆ ವ್ಯಕ್ತಿಯ ಅಳತೆಗೆ ಹೊಲಿದ ಅಂಗಿಯಂತಾಗಿಬಿಡುತ್ತವೆ. ಮುಂದಿನ ಪಂದ್ಯ ಹತ್ತಿರವಿದ್ದುದರಿಂದ ಕೆಲವರಿಗೆ ಇದು ಕಾಲಹರಣವೆನಿಸಿತು, ಆದರೂ ಒಪ್ಪಿದರು. ಸಹಾಯಕ ಕೋಚ್ ಒಬ್ಬರಿಗೆ ತಂಡವನ್ನು ಹಂಗಾಮಿಯಾಗಿ ವಹಿಸಿದೆವು. ಅವರನ್ನು ಕಾಯಂ ಹುದ್ದೆಗೆ ಪರಿಗಣಿಸುತ್ತಿಲ್ಲ ಎಂಬುದನ್ನು ಮೊದಲ ದಿನವೇ ಅವರಿಗೆ ನೇರವಾಗಿ ತಿಳಿಸಿದೆವು. ಆ ಮಾತನ್ನು ಹೇಳದೆ ಬಿಟ್ಟರೆ ಒಬ್ಬ ಒಳ್ಳೆಯ ಕೆಲಸಗಾರ ಆಸೆಯಲ್ಲೇ ಬೆಂದುಹೋಗುತ್ತಾನೆ, ಮುಂದೆ ಬರುವವರಿಗೂ ಅವನ ನೆರವು ಸಿಗುವುದಿಲ್ಲ.

ಮೊದಲು ನೋಡಬೇಕಾದದ್ದು ಕೋಚ್‌ಗಳನ್ನಲ್ಲ, ನಮ್ಮ ತಂಡವನ್ನೇ. ಅಂಕಪಟ್ಟಿಯಲ್ಲಿ ಕೆಳಗೆ ಜಾರಿದ್ದೆವು, ಆದ್ದರಿಂದ ಎಲ್ಲವೂ ಕೆಟ್ಟಿದೆ ಎಂಬ ಭಾವನೆ ಕ್ಲಬ್ಬಿನ ತುಂಬ ಹರಡಿತ್ತು. ಆದರೆ ಫುಟ್‌ಬಾಲ್‌ನಲ್ಲಿ ಗೋಲುಗಳು ಬಹಳ ಕಡಿಮೆ, ಹೀಗಾಗಿ ಹತ್ತು ಹನ್ನೆರಡು ಪಂದ್ಯಗಳ ಫಲಿತಾಂಶದಲ್ಲಿ ಅದೃಷ್ಟದ ಪಾಲು ನಾವು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡದು. ಅದನ್ನು ಸೋಸಿ ನೋಡಲು ವೃತ್ತಿಪರ ಕ್ಲಬ್ಬುಗಳು ಈಗ ‘ಎಕ್ಸ್‌ಪೆಕ್ಟೆಡ್ ಗೋಲ್ಸ್’ ಎಂಬ ಲೆಕ್ಕವನ್ನು ಬಳಸುತ್ತವೆ. ಪ್ರತಿಯೊಂದು ಹೊಡೆತವನ್ನೂ ಎಷ್ಟು ದೂರದಿಂದ, ಯಾವ ಕೋನದಿಂದ, ಎಂಥ ಸನ್ನಿವೇಶದಲ್ಲಿ ಹೊಡೆಯಲಾಯಿತು ಎಂಬುದನ್ನು ಪರಿಗಣಿಸಿ, ಅದು ಗೋಲಾಗುವ ಸಂಭವವನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಪೆನಾಲ್ಟಿಗೆ ಆ ಸಂಖ್ಯೆ ಸುಮಾರು 0.76ರಿಂದ 0.79, ಪೆನಾಲ್ಟಿ ಪ್ರದೇಶದ ಹೊರಗಿನಿಂದ ಬರುವ ಸಾಧಾರಣ ಹೊಡೆತಕ್ಕೆ 0.05ರ ಆಸುಪಾಸು. ನಮ್ಮ ವಿಡಿಯೊ ವಿಶ್ಲೇಷಕರು ಇಡೀ ಋತುವಿನ ಪಂದ್ಯಗಳನ್ನು ಹೀಗೆ ಬಿಡಿಸಿಟ್ಟಾಗ ಕಂಡದ್ದು ಬೇರೆಯೇ ಚಿತ್ರ. ಗೋಲಿನ ಅವಕಾಶಗಳನ್ನು ಸೃಷ್ಟಿಸುವುದರಲ್ಲಿ ನಾವು ಮಧ್ಯಮ ಶ್ರೇಣಿಯ ತಂಡಗಳಿಗೆ ಸಮನಾಗಿದ್ದೆವು. ಪೆಟ್ಟು ಬೀಳುತ್ತಿದ್ದುದು ಎರಡು ಕಡೆ: ಚೆಂಡು ಕೈತಪ್ಪಿದ ಮೊದಲ ಕೆಲವು ಸೆಕೆಂಡುಗಳಲ್ಲಿ ನಮ್ಮ ಮಿಡ್‌ಫೀಲ್ಡ್ ಚದುರಿಹೋಗುತ್ತಿತ್ತು, ಮತ್ತು ಕಾರ್ನರ್‌ಗಳನ್ನು ಎದುರಿಸುವಾಗ ಗೋಲಿನ ಎರಡನೆಯ, ಅಂದರೆ ದೂರದ ಕಂಬದ ಬಳಿ ನಮ್ಮವರು ಇರುತ್ತಿರಲಿಲ್ಲ.

ಈ ಬಗೆಯ ಪರೀಕ್ಷೆ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನಾನು ಮಂಡಳಿಗೆ ಜರ್ಮನ್ ಕೋಚ್ ಯುರ್ಗೆನ್ ಕ್ಲಾಪ್ ಅವರ ಉದಾಹರಣೆ ಕೊಟ್ಟೆ. 2014-15ರ ಋತುವಿನಲ್ಲಿ ಅವರ ಬೊರುಸ್ಸಿಯಾ ಡಾರ್ಟ್‌ಮಂಡ್ ಒಂದು ಹಂತದಲ್ಲಿ ಜರ್ಮನಿಯ ಉನ್ನತ ಲೀಗ್ ಬುಂಡೆಸ್‌ಲೀಗಾದ ಕಟ್ಟಕಡೆಯ ಸ್ಥಾನಕ್ಕೆ ಇಳಿದು, ಕೊನೆಗೆ 7ನೆಯ ಸ್ಥಾನದಲ್ಲಿ ಮುಗಿಸಿತು. ಅಂಕಪಟ್ಟಿಯನ್ನಷ್ಟೇ ನೋಡಿದವರಿಗೆ ಅದು ಮುಗಿದುಹೋದ ಕೋಚ್‌ನ ಕಥೆ. ಲಿವರ್‌ಪೂಲ್ ಕ್ಲಬ್ಬಿನ ಅಂಕಿಅಂಶ ತಜ್ಞ ಇಯಾನ್ ಗ್ರಹಾಮ್ ಆ ಪಂದ್ಯಗಳನ್ನು ಲೆಕ್ಕ ಹಾಕಿ ನೋಡಿದಾಗ ಡಾರ್ಟ್‌ಮಂಡ್‌ನ ಆಟ ಫಲಿತಾಂಶಗಳಿಗಿಂತ ಬಹಳ ಮೇಲಿತ್ತು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಲಿವರ್‌ಪೂಲ್‌ಗೆ ಬಂದರು. 2019ರಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್, 2020ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದರು. ಇದರ ಇನ್ನೊಂದು ಮಗ್ಗುಲೂ ಇದೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ ಅಲ್ಲಿನ ಉನ್ನತ ಲೀಗ್‌ನ 1986ರಿಂದ 2004ರವರೆಗಿನ ಋತುಗಳನ್ನು ಅಧ್ಯಯನ ಮಾಡಿದಾಗ, ಸತತ ಸೋಲಿನ ನಂತರ ಕೋಚ್‌ನನ್ನು ತೆಗೆದುಹಾಕಿದ ತಂಡಗಳೂ ಅಂಥದೇ ಸ್ಥಿತಿಯಲ್ಲಿ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಚೇತರಿಸಿಕೊಂಡದ್ದು ಕಂಡುಬಂತು. ಹೊಸಬರು ಬಂದ ಮೇಲಿನ ನಾಲ್ಕಾರು ಗೆಲುವುಗಳನ್ನು ಅವರ ಪವಾಡವೆಂದು ಬಗೆಯಬಾರದು ಎನ್ನುವುದಕ್ಕೆ ನನಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿರಲಿಲ್ಲ. ನಮ್ಮ ಪಟ್ಟಿಗೆ ಬಂದ ಪ್ರತಿಯೊಬ್ಬರ ಹಿಂದಿನ ಗೆಲುವುಗಳನ್ನೂ ಇದೇ ಎಚ್ಚರದಿಂದ ಅಳೆದು ತೂಗಿದೆವು.

ಇಷ್ಟಾದ ಮೇಲೆ ಕೆಲಸದ ವಿವರ ಬರೆಯುವುದು ಕಷ್ಟವಾಗಲಿಲ್ಲ, ಒಂದು ಅಂಶದ ಹೊರತು. ಈಗಿರುವ ಆಟಗಾರರಿಂದಲೇ ಚೆಂಡು ಕಳೆದುಕೊಂಡ ಕ್ಷಣದ ರಕ್ಷಣೆಯನ್ನು ಸರಿಪಡಿಸಬೇಕು, ಕಿರಿಯರ ತಂಡದಿಂದ ಬರುವವರಿಗೆ ನಿಜವಾದ ಅವಕಾಶ ಕೊಡಬೇಕು, ವಿಶ್ಲೇಷಕರೊಡನೆ ಕೆಲಸ ಮಾಡುವ ಅಭ್ಯಾಸವಿರಬೇಕು ಎನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಎದ್ದದ್ದು ಆಟಗಾರರ ಖರೀದಿಯಲ್ಲಿ ಕೊನೆಯ ಮಾತು ಯಾರದು ಎಂಬಲ್ಲಿ. ಕೋಚ್‌ಗೆ ಪೂರ್ತಿ ಅಧಿಕಾರ ಕೊಟ್ಟರೆ ಅವರು ಹೋದ ಮೇಲೆ ಅವರ ಶೈಲಿಗೆ ಮಾತ್ರ ಹೊಂದುವ ಆಟಗಾರರು ದೀರ್ಘ ಒಪ್ಪಂದಗಳೊಂದಿಗೆ ಉಳಿದುಬಿಡುತ್ತಾರೆ. ಏನೂ ಕೊಡದಿದ್ದರೆ ಸೋಲಿನ ಹೊಣೆಯನ್ನು ಅವರ ಮೇಲೆ ಹೊರಿಸಲು ನಮಗೆ ನ್ಯಾಯವಿರುವುದಿಲ್ಲ. ಬಹಳ ಚರ್ಚೆಯ ನಂತರ, ಆಯ್ಕೆಪಟ್ಟಿಯನ್ನು ಕ್ಲಬ್ ತಯಾರಿಸುವುದು, ಕೋಚ್ ಒಪ್ಪದ ಆಟಗಾರನನ್ನು ಕೊಳ್ಳದಿರುವುದು ಎಂದು ತೀರ್ಮಾನವಾಯಿತು. ಅಧಿಕಾರವೆಲ್ಲ ಒಬ್ಬರಲ್ಲೇ ಕೂಡಿದ್ದ ಕ್ಲಬ್ಬಿನಲ್ಲಿ ಆ ಒಬ್ಬರು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಸಾಕ್ಷಿ. 1986ರಿಂದ 2013ರವರೆಗೆ ಅಲೆಕ್ಸ್ ಫರ್ಗ್ಯುಸನ್ ನಡೆಸಿದ ತಂಡಕ್ಕೆ, ಅವರೇ ಸೂಚಿಸಿದ ಡೇವಿಡ್ ಮೋಯೆಸ್ 6 ವರ್ಷಗಳ ಒಪ್ಪಂದದ ಮೇಲೆ ಬಂದು, 2014ರ ಏಪ್ರಿಲ್‌ನಲ್ಲಿ, ಮೊದಲ ಋತು ಮುಗಿಯುವ ಮುನ್ನವೇ ಹೊರನಡೆಯಬೇಕಾಯಿತು. ನನ್ನ ಪ್ರಕಾರ ಅಲ್ಲಿ ಸೋತದ್ದು ಮೋಯೆಸ್ ಒಬ್ಬರೇ ಅಲ್ಲ, ಕೆಲಸ ಏನೆಂದು ಬಿಡಿಸಿ ನೋಡದೆ ಉತ್ತರಾಧಿಕಾರಿಯನ್ನು ಹುಡುಕಿದ ವ್ಯವಸ್ಥೆಯೂ ಸೋತಿತು.

ಹೆಸರುಗಳಿಗೆ ಬಾಗಿಲು ತೆರೆದದ್ದು ಆಮೇಲೆ. ಬೇಕಾದ ದರ್ಜೆಯ ತರಬೇತಿ ಪರವಾನಗಿ ಇಲ್ಲದವರು ಮೊದಲ ಸುತ್ತಿನಲ್ಲೇ ಬಿಟ್ಟುಹೋದರು. ಯುರೋಪಿನ ಉನ್ನತ ಲೀಗ್‌ಗಳಲ್ಲಿ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಪ್ರೊ ಪರವಾನಗಿ ಹೇಗೋ ಹಾಗೆ ಪ್ರತಿಯೊಂದು ಕಡೆಯೂ ಇದಕ್ಕೆ ನಿಯಮವಿದೆ, ಅದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಯೋಚಿಸಬೇಕಾದದ್ದು ಅನುಭವ ಎಂದರೇನು ಎಂಬುದನ್ನು. 2008ರಲ್ಲಿ ಬಾರ್ಸಿಲೋನಾದವರು ಚಾಂಪಿಯನ್ಸ್ ಲೀಗ್ ಗೆದ್ದಿದ್ದ ಜೋಸೆ ಮೌರಿನ್ಯೊ ಅವರನ್ನು ಭೇಟಿಯಾಗಿ ಮಾತನಾಡಿದ ಮೇಲೂ, ತಮ್ಮ ಬಿ ತಂಡವನ್ನು, ಅಂದರೆ ಎರಡನೆಯ ತಂಡವನ್ನು, ನಾಲ್ಕನೆಯ ದರ್ಜೆಯಲ್ಲಿ ಒಂದೇ ಋತು ನಡೆಸಿದ್ದ ಪೆಪ್ ಗಾರ್ಡಿಯೋಲಾ ಅವರನ್ನು ಆರಿಸಿದರು. 2022ರ ಅಕ್ಟೋಬರ್‌ನಲ್ಲಿ 17ನೆಯ ಸ್ಥಾನದಲ್ಲಿದ್ದ ಬೇಯರ್ ಲೆವರ್‌ಕುಸೆನ್, ಹಿರಿಯರ ಮಟ್ಟದಲ್ಲಿ ರಿಯಲ್ ಸೊಸಿಯೆದಾದ್‌ನ ಬಿ ತಂಡವನ್ನಷ್ಟೇ ನಡೆಸಿದ್ದ ಶಾಬಿ ಅಲೊನ್ಸೊ ಅವರನ್ನು ಕರೆತಂದಿತು. 2023-24ರಲ್ಲಿ ಆ ತಂಡ ಒಂದೂ ಪಂದ್ಯ ಸೋಲದೆ ಬುಂಡೆಸ್‌ಲೀಗಾ ಗೆದ್ದಿತು. ಇನ್ನು ಕ್ಲಾಡಿಯೊ ರನಿಯೇರಿ: ತಾವು ನಡೆಸುತ್ತಿದ್ದ ಗ್ರೀಸ್ ರಾಷ್ಟ್ರೀಯ ತಂಡ ತವರಿನಲ್ಲೇ ಫೇರೋ ದ್ವೀಪಗಳಿಗೆ ಸೋತ ಮೇಲೆ 2014ರ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡವರು, 2016ರಲ್ಲಿ ಲೆಸ್ಟರ್ ಸಿಟಿಯನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದರು. ಹೊಸಬರನ್ನೇ ಆರಿಸಬೇಕೆಂದು ಇದರ ಅರ್ಥವಲ್ಲ. ಹಿಂದಿನ ಕೆಲಸ ಮತ್ತು ಮುಂದಿನ ಕೆಲಸ ಎಷ್ಟು ಹೋಲುತ್ತವೆ ಎಂಬುದು ಹಿಂದಿನ ಕಪ್‌ಗಳ ಸಂಖ್ಯೆಗಿಂತ ಹೆಚ್ಚು ಹೇಳುತ್ತದೆ.

ಪಟ್ಟಿ ಚಿಕ್ಕದಾದ ಮೇಲೆ ವಿಚಾರಣೆ ಶುರುವಾಯಿತು. ಕ್ಲಬ್ ಅಧ್ಯಕ್ಷರನ್ನೋ ತಾರಾ ಆಟಗಾರರನ್ನೋ ಕೇಳಿದರೆ ಸಿಗುವುದು ಸಭ್ಯ ಉತ್ತರ. ನಾನು ಹುಡುಕಿಕೊಂಡು ಹೋದದ್ದು ಹಿಂದಿನ ಕ್ಲಬ್ಬುಗಳ ಫಿಸಿಯೊಗಳನ್ನು, ಕಿಟ್ ನೋಡಿಕೊಳ್ಳುವವರನ್ನು ಮತ್ತು ಮುಖ್ಯವಾಗಿ ಆ ಕೋಚ್ ತಂಡದಿಂದ ಕೈಬಿಟ್ಟಿದ್ದ ಆಟಗಾರರನ್ನು. ಗಾಯ ಪೂರ್ತಿ ಮಾಗುವ ಮುನ್ನ ಆಟಗಾರನನ್ನು ಇಳಿಸು ಎಂದು ಒತ್ತಾಯಿಸುವ ಅಭ್ಯಾಸವಿದೆಯೇ ಎಂಬುದು ಫಿಸಿಯೊಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ನಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಪ್ರಸಿದ್ಧರಾಗಿದ್ದ ಒಬ್ಬರ ಬಗ್ಗೆ ಇಬ್ಬರು ಬೇರೆ ಬೇರೆ ಕಡೆಯ ಆಟಗಾರರು ಒಂದೇ ಮಾತು ಹೇಳಿದರು: ತಂಡದಿಂದ ಬಿಟ್ಟದ್ದು ತಮಗೆ ಗೊತ್ತಾದದ್ದು ಗೋಡೆಗೆ ಅಂಟಿಸಿದ ಪಟ್ಟಿಯಿಂದ, ಆಮೇಲೂ ಕೋಚ್ ಕರೆದು ಮಾತನಾಡಲಿಲ್ಲ. ಇನ್ನೊಬ್ಬ ಅಭ್ಯರ್ಥಿಯ ಬಗ್ಗೆ, ಅವರಿಂದಾಗಿ ಒಂದು ಋತುವಿನ ಬಹುಪಾಲು ಬೆಂಚಿನಲ್ಲೇ ಕಳೆದ ಡಿಫೆಂಡರ್, ‘ಕಾರಣ ನನಗಿಷ್ಟವಾಗಲಿಲ್ಲ, ಆದರೆ ಕಾರಣ ಏನೆಂದು ನನಗೆ ಯಾವಾಗಲೂ ಗೊತ್ತಿತ್ತು’ ಎಂದರು. ಒಬ್ಬ ಕೋಚ್ ಬಗ್ಗೆ ನಾನು ಕೇಳಿದ ಅತ್ಯುತ್ತಮ ಪ್ರಶಂಸೆ ಅದೇ. ಇಪ್ಪತ್ತೈದು ಮಂದಿಯಲ್ಲಿ ಪ್ರತಿ ವಾರ ಹನ್ನೊಂದು ಮಂದಿ ಮಾತ್ರ ಕಣಕ್ಕಿಳಿಯುತ್ತಾರೆ. ಉಳಿದವರು ಮನಸ್ಸು ಮುರಿದುಕೊಂಡರೆ ವಾರದ ಅಭ್ಯಾಸವೇ ಸಪ್ಪೆಯಾಗುತ್ತದೆ.

ಸಂದರ್ಶನವನ್ನು ನಾವು ಪ್ರಶ್ನೋತ್ತರವಾಗಿ ನಡೆಸಲಿಲ್ಲ. ಅಭ್ಯರ್ಥಿಗಳು ತಾವೇ ತಯಾರಿಸಿಕೊಂಡು ಬರುವ ಸ್ಲೈಡುಗಳಲ್ಲಿ ಎಲ್ಲರ ತಂಡವೂ ಚೆಂದವಾಗಿಯೇ ಆಡುತ್ತದೆ. ಬದಲಿಗೆ ನಾವು ಸೋತ ಒಂದು ಪಂದ್ಯದ ದ್ವಿತೀಯಾರ್ಧವನ್ನು, ಮೇಲಿನಿಂದ ಇಡೀ ಮೈದಾನ ಕಾಣುವ ಕ್ಯಾಮೆರಾದಲ್ಲಿ ಹಿಡಿದ ವಿಡಿಯೊವನ್ನು ಹಾಕಿ, ರಿಮೋಟನ್ನು ಅವರ ಕೈಗೇ ಕೊಟ್ಟೆವು. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ನಿಲ್ಲಿಸಿದಲ್ಲಿ ಏನು ಕಂಡಿರಿ, ನಾಳೆಯ ಅಭ್ಯಾಸದಲ್ಲಿ ಏನು ಮಾಡುತ್ತೀರಿ ಎಂದು ಹೇಳಬೇಕು. ಬಹುತೇಕರು ಗೋಲು ಬಿದ್ದ ಕ್ಷಣದಲ್ಲಿ ನಿಲ್ಲಿಸಿ ಡಿಫೆಂಡರ್‌ನ ತಪ್ಪನ್ನು ತೋರಿಸಿದರು. ಒಬ್ಬರು ಮಾತ್ರ ಗೋಲಿಗೆ ಇಪ್ಪತ್ತು ಸೆಕೆಂಡು ಮೊದಲೇ, ಚೆಂಡು ಇನ್ನೂ ನಮ್ಮ ಕಾಲಿನಲ್ಲಿದ್ದಾಗ ನಿಲ್ಲಿಸಿದರು. ನಮ್ಮ ಎರಡೂ ಕಡೆಯ ಫುಲ್‌ಬ್ಯಾಕ್‌ಗಳು (ಮೈದಾನದ ಅಂಚುಗಳಲ್ಲಿ ರಕ್ಷಣೆಗೆ ನಿಲ್ಲುವವರು) ಒಟ್ಟಿಗೆ ಮುಂದಕ್ಕೆ ಓಡಿದ್ದರು, ಅವರ ಹಿಂದೆ ಒಬ್ಬನೇ ಮಿಡ್‌ಫೀಲ್ಡರ್ ಉಳಿದಿದ್ದ. ‘ಗೋಲು ಬಿದ್ದದ್ದು ಇಲ್ಲಿ’ ಎಂದು ಹೇಳಿ, ಎಡಗಡೆಯವನು ಮುಂದೆ ಹೋದರೆ ಬಲಗಡೆಯವನು ಒಳಕ್ಕೆ ಸರಿದು ನಿಲ್ಲುವಂತೆ ಮಾಡುವ ಒಂದು ಅಭ್ಯಾಸವನ್ನು ಕಾಗದದ ಮೇಲೆ ಬರೆದು ತೋರಿಸಿದರು: ಅರ್ಧ ಮೈದಾನ, ಎಂಟು ಮಂದಿಗೆ ಎಂಟು ಮಂದಿ, ಚೆಂಡು ಕಳೆದ ತಂಡ ಐದು ಸೆಕೆಂಡಿನೊಳಗೆ ಮರಳಿ ಪಡೆದರೆ ಅದಕ್ಕೊಂದು ಅಂಕ. ನಮ್ಮ ವಿಶ್ಲೇಷಕರು ವಾರಗಟ್ಟಲೆ ಕೂತು ಕಂಡುಕೊಂಡದ್ದನ್ನು ಅವರು ಅಲ್ಲೇ ಕಂಡಿದ್ದರು.

ಕೊನೆಗೆ ಉಳಿದ ಇಬ್ಬರೂ ಆಗ ಬೇರೆ ತಂಡಗಳಲ್ಲಿ ಕೆಲಸದಲ್ಲಿದ್ದರು. ಆ ಕ್ಲಬ್ಬುಗಳ ಅನುಮತಿ ಪಡೆದೇ ಮಾತುಕತೆ ನಡೆಸಿದೆವು, ಮತ್ತು ಇಬ್ಬರ ಅಭ್ಯಾಸವನ್ನೂ ನಾನು ಹೋಗಿ ನೋಡಿದೆ. ಪಂದ್ಯದ ಮರುದಿನದ ಅಭ್ಯಾಸವನ್ನೇ ಆರಿಸಿಕೊಂಡೆ, ಏಕೆಂದರೆ ಅಂದು ಆಡಿದವರು ವಿಶ್ರಾಂತಿಯಲ್ಲಿರುತ್ತಾರೆ, ಆಡದವರು ಮಾತ್ರ ಮೈದಾನದಲ್ಲಿರುತ್ತಾರೆ. ಒಬ್ಬರು ಆ ಅವಧಿಯನ್ನು ಸಹಾಯಕರಿಗೆ ಬಿಟ್ಟು ದೂರ ನಿಂತು ಫೋನಿನಲ್ಲಿದ್ದರು. ವಿಡಿಯೊದಲ್ಲಿ ಇಪ್ಪತ್ತು ಸೆಕೆಂಡು ಹಿಂದಕ್ಕೆ ಹೋಗಿದ್ದವರು ಇಲ್ಲಿ ಮೂರನೆಯ ಗೋಲ್‌ಕೀಪರ್‌ನ ಜೊತೆ ನಿಂತು, ಚೆಂಡನ್ನು ಹಿಡಿದ ಮೇಲೆ ಮೊದಲು ಯಾವ ಕಡೆ ಕಣ್ಣು ಹಾಯಿಸಬೇಕೆಂದು ಮತ್ತೆ ಮತ್ತೆ ತೋರಿಸುತ್ತಿದ್ದರು. ಮಾತು ಕಡಿಮೆ, ಆಟ ನಿಲ್ಲಿಸುವುದೂ ಕಡಿಮೆ. ನಿಲ್ಲಿಸಿದಾಗ ಒಂದೇ ವಿಷಯ ಹೇಳಿ ಮತ್ತೆ ಬಿಡುತ್ತಿದ್ದರು.

ಮಂಡಳಿಯ ಕೊನೆಯ ಸಭೆ ಸುಲಭವಾಗಿರಲಿಲ್ಲ. ಉಳಿದ ಇಬ್ಬರಲ್ಲಿ ಹೆಚ್ಚು ಪ್ರಸಿದ್ಧರಾದವರು ಬಂದರೆ ಟಿಕೆಟ್‌ಗಳು ಮಾರಾಟವಾಗುತ್ತವೆ, ಪ್ರಾಯೋಜಕರು ಉಳಿಯುತ್ತಾರೆ ಎಂಬ ವಾದವನ್ನು ನಾನು ತಳ್ಳಿಹಾಕಲಿಲ್ಲ. ಕ್ಲಬ್ ನಡೆಯಲು ಹಣ ಬೇಕು. ಆದರೆ ನಾವೇ ಒಪ್ಪಿದ ಕೆಲಸದ ವಿವರವನ್ನು ಮತ್ತೊಮ್ಮೆ ಓದಿ, ಒಂದೊಂದು ಸಾಲಿನ ಎದುರು ಇಬ್ಬರಿಗೂ ಸಿಕ್ಕಿದ ಪುರಾವೆಯನ್ನು ಇಟ್ಟಾಗ, ಹೆಸರಿನ ಪರವಾಗಿದ್ದವರೂ ಹಿಡಿತ ಸಡಿಲಿಸಿದರು. ಒಪ್ಪಂದದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಸಂಬಳವಲ್ಲ, ಜೊತೆಗೆ ಕರೆತರುವ ಸಿಬ್ಬಂದಿಯ ವಿಷಯ. ಇಬ್ಬರನ್ನು ಕರೆತರಬಹುದು, ಗೋಲ್‌ಕೀಪಿಂಗ್ ಕೋಚ್ ಮತ್ತು ವಿಶ್ಲೇಷಕರು ಕ್ಲಬ್ಬಿನವರೇ ಉಳಿಯಬೇಕು ಎಂದು ಪಟ್ಟು ಹಿಡಿದೆವು. ನಡುವೆ ಬಿಟ್ಟರೆ ಯಾರು ಎಷ್ಟು ಕೊಡಬೇಕೆಂಬುದನ್ನೂ ಸಹಿ ಹಾಕುವ ಮುನ್ನವೇ ಬರೆದುಕೊಂಡೆವು. ಆಯ್ಕೆಯಾಗದ ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡಿ ಕಾರಣ ಹೇಳಿದೆ.

ಹೊಸ ಕೋಚ್ ಬಂದ ಮೇಲೆ ಮೊದಲ ಗೆಲುವಿಗೆ ಕಾಯಬೇಕಾಯಿತು, ಮೈದಾನದಲ್ಲಿ ಕೂಗಾಟವೂ ಕೇಳಿಸಿತು. ಗಾರ್ಡಿಯೋಲಾ ಅವರ ಬಾರ್ಸಿಲೋನಾ ಕೂಡ ಲೀಗ್‌ನ ಮೊದಲ ಪಂದ್ಯದಲ್ಲಿ ನುಮಾನ್ಸಿಯಾಗೆ ಸೋತು, ಎರಡನೆಯದರಲ್ಲಿ ರೇಸಿಂಗ್ ಸಾಂತಾಂದೆರ್ ಜೊತೆ ಸಮಮಾಡಿಕೊಂಡಿತ್ತು, ಅದೇ ಋತುವಿನಲ್ಲಿ ಮೂರು ಪ್ರಶಸ್ತಿ ಗೆದ್ದಿತು ಎಂದು ಮಂಡಳಿಗೆ ನೆನಪಿಸಿದೆ. ನಾವೇನೂ ಪ್ರಶಸ್ತಿ ಗೆಲ್ಲಲಿಲ್ಲ. ನಾವು ಚೆಂಡು ಕಳೆದ ಮೇಲೆ ಎದುರಾಳಿಗಳು ಹೊಡೆಯುತ್ತಿದ್ದ ಹೊಡೆತಗಳು ಕಡಿಮೆಯಾದವು, ಕಾರ್ನರ್‌ನಿಂದ ಬೀಳುತ್ತಿದ್ದ ಗೋಲುಗಳು ನಿಂತುಹೋಗುವಷ್ಟು ತಗ್ಗಿದವು, ತಂಡ ಕೆಳದರ್ಜೆಗೆ ಇಳಿಯುವ ಭಯದಿಂದ ಹೊರಬಂತು. ಅಂದಿನಿಂದ ನಾನು ಸಂಭಾವ್ಯ ಕೋಚ್‌ಗಳ ಪಟ್ಟಿಯೊಂದನ್ನು ಸದಾ ಸಿದ್ಧವಾಗಿಟ್ಟುಕೊಂಡಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬಿನ ಕೋಚ್ ಗ್ರಹಾಮ್ ಪಾಟರ್ ಚೆಲ್ಸಿಗೆ ಹೊರಟಾಗ ಬ್ರೈಟನ್ ಅದೇ ತಿಂಗಳು ರೊಬೆರ್ತೊ ದೆ ಜೆರ್ಬಿ ಅವರನ್ನು ನೇಮಿಸಿ, ಆ ಋತುವನ್ನು 6ನೆಯ ಸ್ಥಾನದಲ್ಲಿ ಮುಗಿಸಿತು. ಅಂಥ ವೇಗ ಪಟ್ಟಿ ಮೊದಲೇ ಇರುವವರಿಗೆ ಮಾತ್ರ ಸಾಧ್ಯ. ಈ ಪಟ್ಟಿ ನನ್ನ ಬಳಿ ಇರುವುದು ಈಗಿನ ಕೋಚ್‌ಗೂ ಗೊತ್ತು. ಅದರಲ್ಲಿರುವ ಇಬ್ಬರ ತಂಡಗಳನ್ನು ಗಮನಿಸಿ ಎಂದು ಸೂಚಿಸಿದವರೂ ಅವರೇ.