ಹಿತ್ತಲಿಗೆ ಮರದ ಚಪ್ಪರ: ಬುಡ ಕೊಳೆಯದಂತೆ ಕಟ್ಟುವ ಬಗೆ

ಮರದ ಚಪ್ಪರ ಕೆಡುವುದು ಮೇಲಿನಿಂದಲ್ಲ, ಕಂಬ ಮಣ್ಣು ಸೇರುವ ಜಾಗದಿಂದ. ನೆಲಮಟ್ಟದಲ್ಲಿ ಪಸೆಯೂ ಗಾಳಿಯೂ ಒಟ್ಟಿಗೇ ಸಿಗುವುದರಿಂದ ಶಿಲೀಂಧ್ರ ಅಲ್ಲೇ ಬೇಗ ಬೆಳೆಯುತ್ತದೆ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಟಾರು ಬಳಿದು ಹೂತ ಕಂಬಕ್ಕೂ ಕೊನೆಗೆ ಇದೇ ಗತಿ: ಮರ ಬಿರಿದ ಕಡೆ ನೀರು ಒಳಗಿಳಿಯುತ್ತದೆ, ಆಮೇಲೆ ಆರುವುದಿಲ್ಲ. ಹಾಗಾಗಿ ಕಂಬವನ್ನು ಹೂಳಲೇಬೇಡಿ. ಕಾಂಕ್ರೀಟ್ ದಿಂಡಿನ ಮೇಲೆ ಕಬ್ಬಿಣದ ಹಿಡಿಕೆಯಲ್ಲಿ ನಿಲ್ಲಿಸಿ.

ಇಲ್ಲಿ ಕೊಟ್ಟಿರುವುದು 10 ಅಡಿ ಉದ್ದ, 8 ಅಡಿ ಅಗಲದ ಚಪ್ಪರದ ಲೆಕ್ಕ. ತೊಂಡೆ, ಬಸಳೆ, ಹೀರೆ, ಪ್ಯಾಶನ್ ಫ್ರೂಟ್, ಮಲ್ಲಿಗೆಗೆ ಇಷ್ಟು ಗಟ್ಟಿ ಸಾಕು. ಬೋಗನ್‌ವಿಲ್ಲದಂಥ ಕಾಂಡ ಮರದಂತೆ ಗಟ್ಟಿಯಾಗುವ ಬಳ್ಳಿಯಾದರೆ ತೊಲೆಯನ್ನು 6×2 ಇಂಚಿಗೆ ಏರಿಸಿ. ಮಳೆಯಲ್ಲಿ ನೆನೆದ ಬಳ್ಳಿಯ ಭಾರ ಊಹೆಗಿಂತ ಹೆಚ್ಚು.

ಸಾಮಿಲ್ಲಿನಲ್ಲಿ ಹೇಳಬೇಕಾದ ಅಳತೆ: 4×4 ಇಂಚಿನ ಕಂಬ 7 ಅಡಿಯದು ನಾಲ್ಕು. 5×2 ಇಂಚಿನ ತೊಲೆ 10 ಅಡಿಯದು ಎರಡು. ತೊಲೆಯ ಮೇಲೆ ಅಡ್ಡ ಕೂರುವ 3×2 ಇಂಚಿನ ಪಕಾಸು 8 ಅಡಿಯದು ಏಳು. ಪಕಾಸಿನ ಮೇಲೆ ಹೊಡೆಯುವ, ಒಂದೂವರೆ ಇಂಚು ಅಗಲ, ಒಂದು ಇಂಚು ದಪ್ಪದ ರೀಪು 10 ಅಡಿಯದು ಹನ್ನೊಂದು. ಓರೆಗಂಬಕ್ಕೆ (ಕಂಬಕ್ಕೆ ಓರೆಯಾಗಿ ಕೊಡುವ ಆಸರೆ) 3×2 ಇಂಚಿನ 2 ಅಡಿ ತುಂಡು ಎಂಟು. ಎಲ್ಲ ಸೇರಿ ಸುಮಾರು ಒಂಬತ್ತು ಘನ ಅಡಿ. ಕೊಯ್ತದ ನಷ್ಟಕ್ಕೆಂದು ಹತ್ತು ಹಿಡಿಯಿರಿ. ತೇಗ, ಹಲಸು, ಹೊನ್ನೆ ಯಾವುದಾದರೂ ಸರಿ, ಆದರೆ ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಇರಲಿ. ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ, ಅದು ಯಾವ ಜಾತಿಯ ಮರವಾದರೂ. ಹಳೆ ಮನೆ ಕೆಡವಿದ ಮರ ಸಿಕ್ಕರೆ ಹೊಸದಕ್ಕಿಂತ ಅದೇ ಮೇಲು: ಚೆನ್ನಾಗಿ ಒಣಗಿರುತ್ತದೆ, ಮತ್ತೆ ಸೊಟ್ಟಗಾಗುವುದು ಕಡಿಮೆ.

ಕಂಬಗಳ ನಡುವೆ ಉದ್ದಕ್ಕೆ 7 ಅಡಿ, ಅಗಲಕ್ಕೆ 6 ಅಡಿ ಬಿಟ್ಟು ಗುರುತು ಹಾಕಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ 9 ಅಡಿ ಎರಡೂವರೆ ಇಂಚಿಗೆ ಚೂರು ಮೇಲೆ ಬರಬೇಕು. ಬರದಿದ್ದರೆ ಚೌಕ ವಾರೆಯಾಗಿದೆ ಎಂದರ್ಥ, ಮುಂದೆ ಯಾವ ಪಕಾಸೂ ಸರಿಯಾಗಿ ಕೂರುವುದಿಲ್ಲ. ಒಂದು ಅಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೆಲದಿಂದ 6 ಇಂಚು ಮೇಲೆ ಬರುವ ಹಾಗೆ 1:2:4 ಕಾಂಕ್ರೀಟ್ (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ) ತುಂಬಿ. ನಾಲ್ಕಕ್ಕೂ ಒಂದೂವರೆ ಮೂಟೆ ಸಿಮೆಂಟ್ ಸಾಕು. ಹಸಿಯಿರುವಾಗಲೇ 6 ಮಿ.ಮೀ. ದಪ್ಪದ ಪಟ್ಟಿಯಿಂದ ಮಾಡಿಸಿದ, ಅಡಿಯಲ್ಲಿ ಕಾಲಿರುವ ಯು ಆಕಾರದ ಹಿಡಿಕೆಯನ್ನು ನೆಟ್ಟಗೆ ಇಳಿಸಿ. ಕಾಲು ಕಾಂಕ್ರೀಟಿನೊಳಗೆ ಹೋಗಲಿ, ಕಂಬ ಕೂರುವ ತಳ ಕಾಂಕ್ರೀಟಿನಿಂದ ಅರ್ಧ ಇಂಚು ಮೇಲಿರಲಿ. ಮರದಡಿ ಗಾಳಿಯಾಡಲು ಆ ಸಂದು ಬೇಕೇ ಬೇಕು. ಆರು ಇಂಚಿನ ದಿಂಡಿಗೂ ಕಾರಣವಿದೆ: ಗೆದ್ದಲು ಕಾಂಕ್ರೀಟಿನ ಮೇಲೂ ಮಣ್ಣಿನ ನಾಳ ಕಟ್ಟಿ ಹತ್ತಬಲ್ಲದು, ಆದರೆ ಅದು ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು. ಕಾಂಕ್ರೀಟಿಗೆ ಏಳು ದಿನ ನೀರುಣಿಸಿ.

ಅಷ್ಟರಲ್ಲಿ ಮರಕ್ಕೆ ಎಣ್ಣೆ ಹಚ್ಚಿ. ಕರಾವಳಿಯಲ್ಲಿ ಬಳಸುವ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಒಳ್ಳೆಯದು, ಆದರೆ ಮೈಗೆ ತಾಗಿದರೆ ಸುಡುತ್ತದೆ, ಕೈಗವಸು ಕಡ್ಡಾಯ. ಇಲ್ಲವಾದರೆ ಟರ್ಪೆಂಟೈನ್ ಬೆರೆಸಿದ ಅಗಸೆ ಎಣ್ಣೆ. ಕೊಯ್ದ ತುದಿಗಳು ಹೆಚ್ಚು ನೀರು ಹೀರುವುದರಿಂದ ಅಲ್ಲಿಗೆ ಇನ್ನೆರಡು ಸಲ ಹಚ್ಚಿ. ವಾರ್ನಿಷ್ ಬೇಡ. ಬಳ್ಳಿ ಹಬ್ಬಿದ ಮೇಲೆ ಅದು ಸುಲಿದರೆ ಮತ್ತೆ ಬಳಿಯಲು ದಾರಿಯಿಲ್ಲ.

ಕಂಬದ ತಲೆಯಲ್ಲಿ ಹೊರಬದಿಗೆ 5 ಇಂಚು ಎತ್ತರ, 2 ಇಂಚು ಆಳದ ಕಚ್ಚು ಕೊರೆದು ತೊಲೆ ಕೂರಿಸಿ. ಭಾರ ಕಚ್ಚಿನ ಮೇಲೆ ನಿಲ್ಲಬೇಕು, ಬೋಲ್ಟ್ ಮೇಲಲ್ಲ. ಜೋಡಣೆಗೆ ಎರಡರಂತೆ, ತಳದ ಹಿಡಿಕೆಗೂ ಎರಡರಂತೆ, 10 ಮಿ.ಮೀ.ಯ ಐದೂವರೆ ಇಂಚಿನ ಬೋಲ್ಟ್ ಹದಿನಾರು ಬೇಕು. ಪಕಾಸು ಎರಡು ತುದಿಗಳಿಗೆ, ಎರಡು ಕಂಬಗಳ ನೇರಕ್ಕೆ, ಉಳಿದ ಮೂರು ಅವುಗಳ ನಡುವೆ 21 ಇಂಚಿಗೊಂದು. ಎಲ್ ಪಟ್ಟಿಯಿಂದ ತೊಲೆಗೆ ಬಿಗಿಯಿರಿ. ಮೇಲೆ ರೀಪು 9 ಇಂಚಿಗೊಂದು. 77 ಕೂಡುಗಳಿಗೂ ಮೊದಲು 3 ಮಿ.ಮೀ. ತೂತು ಕೊರೆದು 2 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಊದಿದರೆ ಸಣ್ಣ ರೀಪು ಸೀಳುತ್ತದೆ. ರೀಪುಗಳು ಉತ್ತರ ದಕ್ಷಿಣವಾಗಿದ್ದರೆ ಅವುಗಳ ನೆರಳು ದಿನವಿಡೀ ಸರಿಯುತ್ತಾ ಹೋಗುತ್ತದೆ, ಕೆಳಗಿನ ಕುಂಡಗಳಿಗೆ ಒಂದೇ ಕಡೆ ಬಿಸಿಲು ತಟ್ಟುವುದಿಲ್ಲ.

ಓರೆಗಂಬ ಬಿಡುವವರೇ ಹೆಚ್ಚು. ಎಲೆ ತುಂಬಿದ ಚಪ್ಪರವನ್ನು ಜೂನ್ ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಹಿಡಿಕೆಯ ಮೇಲೆ ನಿಂತ ಕಂಬಕ್ಕೆ ತಾನಾಗಿ ತಡೆಯುವ ಬಲ ಕಡಿಮೆ. ಪ್ರತಿ ಕಂಬಕ್ಕೂ ಎರಡು, ಒಂದು ತೊಲೆಯ ಕಡೆಗೆ, ಇನ್ನೊಂದು ಪಕಾಸಿನ ಕಡೆಗೆ, 45 ಡಿಗ್ರಿಯಲ್ಲಿ ಕೊಯ್ದು ಬಿಗಿಯಿರಿ.

ಬಳ್ಳಿಯನ್ನು ಕಂಬದಿಂದ ಒಂದೂವರೆ ಅಡಿ ದೂರ ನೆಟ್ಟು ತೆಂಗಿನ ನಾರಿನ ಹಗ್ಗದ ಮೇಲೆ ಹತ್ತಿಸಿ. ಕಂಬಕ್ಕೇ ಸುತ್ತಿದರೆ ಮರ ಆರುವುದಿಲ್ಲ, ತಂತಿ ಕಟ್ಟಿದರೆ ದಪ್ಪಗಾಗುವ ಬುಡವನ್ನು ಕೊಯ್ಯುತ್ತದೆ. ವರ್ಷಗಟ್ಟಲೆ ಉಳಿಯುವ ಬಳ್ಳಿಯನ್ನು ಮಳೆಗಾಲಕ್ಕೆ ಮುಂಚೆ ಸವರಿ, ಆಗಲೇ ಬೋಲ್ಟುಗಳನ್ನೂ ಒಂದು ಸುತ್ತು ಬಿಗಿಯಿರಿ. ಮೊದಲ ಬೇಸಿಗೆಯಲ್ಲಿ ಮರ ಕುಗ್ಗಿ ಅವು ಸಡಿಲವಾಗಿರುತ್ತವೆ.