ಶೋಧ ವಾರಂಟ್ ಬಾಗಿಲಿಗೆ ಬಂದಾಗ

ಆದಾಯ ತೆರಿಗೆ ಇಲಾಖೆಯ ತಂಡ ಬೆಳ್ಳಂಬೆಳಿಗ್ಗೆ ಕಾರ್ಖಾನೆಗೆ ಬಂದಾಗ ಮೊದಲು ಎದುರಾಗುವವರು ಮಾಲೀಕರಲ್ಲ, ವಾಚ್‌ಮನ್. ಹಾಗಾಗಿ ಪಾಠ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಗೇಟು ಅಡ್ಡಗಟ್ಟಬಾರದು, ವಾದಕ್ಕಿಳಿಯಬಾರದು, ಬಂದವರನ್ನು ಕೂರಿಸಿ ಹೊಣೆಗಾರರೊಬ್ಬರನ್ನು ಕರೆಯಬೇಕು. ಇಷ್ಟನ್ನು ಅವರಿಗೆ ಮೊದಲೇ ಹೇಳಿಟ್ಟಿರಿ.

ಬಂದಿರುವುದು ಶೋಧಕ್ಕೋ ಸರ್ವೆಗೋ ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ಪತ್ರಿಕೆಗಳು ಎರಡನ್ನೂ ‘ದಾಳಿ’ ಎಂದೇ ಬರೆಯುತ್ತವೆ. ಕಾನೂನಿನಲ್ಲಿ ಆ ಪದವೇ ಇಲ್ಲ. ಸರ್ವೆ ಎಂದರೆ ಲೆಕ್ಕಪತ್ರದ ಪರಿಶೀಲನೆ. ಅದು ನಡೆಯುವುದು ವ್ಯವಹಾರದ ಸ್ಥಳದಲ್ಲಿ, ವ್ಯವಹಾರದ ಹೊತ್ತಿನಲ್ಲಿ. ಅದರಲ್ಲಿ ನಗದನ್ನಾಗಲಿ ಸರಕನ್ನಾಗಲಿ ಒಯ್ಯುವಂತಿಲ್ಲ. ಶೋಧದ ಕೈ ಉದ್ದ. 1961ರ ಆದಾಯ ತೆರಿಗೆ ಕಾಯ್ದೆಯ 132ನೇ ಸೆಕ್ಷನ್, 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಕಾಯ್ದೆಯಲ್ಲಿ 247ನೇ ಸೆಕ್ಷನ್, ಮನೆಯೊಳಗೆ ಬರಲು, ಕೀಲಿ ಸಿಗದಿದ್ದರೆ ಬೀಗ ಒಡೆಯಲೂ ಅಧಿಕಾರ ಕೊಡುತ್ತವೆ.

ಶೋಧವಾದರೆ ವಾರಂಟ್ ಕೇಳಿ, ಕುಳಿತು ಓದಿ. ಹೆಸರು, ವಿಳಾಸ, ಸಹಿ, ಮೊಹರು ನೋಡಿ. ಓದಿದ್ದಕ್ಕೆ ನಿಮ್ಮ ಸಹಿ ಪಡೆಯುತ್ತಾರೆ, ಪ್ರತಿಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ವಿವರ ಬರೆದುಕೊಳ್ಳಿ. ವಿಳಾಸ ತಪ್ಪಿದ್ದರೆ ಸೌಜನ್ಯದಿಂದ ಹೇಳಿ, ಹೇಳಿದ್ದು ದಾಖಲಾಗಲಿ. ಅಷ್ಟಕ್ಕೇ ನಿಲ್ಲಿಸಿ. ಶೋಧವೇ ಅಕ್ರಮವಾಗಿದ್ದರೂ ಅದರಲ್ಲಿ ಸಿಕ್ಕ ಸಾಕ್ಷ್ಯವನ್ನು ಬಳಸಬಹುದು ಎಂದು ಪೂರಣ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಷ್ಟು ಹಿಂದೆಯೇ ಹೇಳಿಬಿಟ್ಟಿದೆ. ಬಾಗಿಲಲ್ಲಿ ಮಾಡುವ ರಂಪದಿಂದ ದಕ್ಕುವುದು ಏನೂ ಇಲ್ಲ.

ಸ್ಥಳೀಯರಾದ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಇರಲೇಬೇಕು. ಒಳಬರುವ ಮುನ್ನ ಮತ್ತು ಹೊರಹೋಗುವಾಗ ತಂಡದವರನ್ನು ತಪಾಸಣೆ ಮಾಡುವ ಹಕ್ಕು ನಿಮಗಿದೆ. ಸಂಕೋಚಪಟ್ಟು ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ಕೇಳಿದರೆ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ. ಮಹಿಳೆಯರ ತಪಾಸಣೆಯನ್ನು ಮಹಿಳೆಯರೇ ಮಾಡಬೇಕು. ಚೀಲ ನೋಡಿದ ಮೇಲೆ ಮಕ್ಕಳು ಶಾಲೆಗೆ ಹೋಗಬಹುದು. ಊಟ, ಬಿಪಿ ಮಾತ್ರೆ, ವೈದ್ಯರು, ಯಾವುದಕ್ಕೂ ಅಡ್ಡಿಯಿಲ್ಲ.

ಗಾಬರಿಯಲ್ಲಿ ಮಾಡುವ ಕೆಲಸಗಳೇ ಹೆಚ್ಚು ದುಬಾರಿ. ನನಗೆ ಪರಿಚಯದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರೊಬ್ಬರು ತಮ್ಮ ಮೊಬೈಲನ್ನು ನೀರಿನ ಸಂಪಿಗೆ ಎಸೆದರು. ಅದರಲ್ಲಿದ್ದದ್ದು ಮೊಮ್ಮಗಳ ನಾಮಕರಣದ ಫೋಟೊಗಳು ಮತ್ತು ಲಾರಿ ಬಾಡಿಗೆಯ ಲೆಕ್ಕ. ಆದರೆ ಸಂಜೆಯವರೆಗೂ ಪ್ರಶ್ನೆಗಳು ಸುತ್ತಿದ್ದು ಆ ಸಂಪಿನ ಸುತ್ತಲೇ. ಏನನ್ನೂ ಅಳಿಸಬೇಡಿ, ಹರಿಯಬೇಡಿ, ಪಕ್ಕದ ಮನೆಗೆ ಸಾಗಿಸಬೇಡಿ. ಕಂಪ್ಯೂಟರಿನ ಲೆಕ್ಕಪತ್ರ ನೋಡಲು ಅವಕಾಶ ಕೊಡದಿದ್ದರೆ ಜೈಲಾಗಬಹುದು.

ಇನ್ನು ಹೇಳಿಕೆ. ಇಡೀ ದಿನದಲ್ಲಿ ಮೈಯೆಲ್ಲ ಕಣ್ಣಾಗಿರಬೇಕಾದ ಹೊತ್ತು ಇದೇ, ಏಕೆಂದರೆ ಪ್ರಮಾಣ ಮಾಡಿಸಿ ಪಡೆಯುವ ಈ ಹೇಳಿಕೆ ಸಾಕ್ಷ್ಯವಾಗುತ್ತದೆ. ಡ್ರಾಯರಿನಲ್ಲಿ ‘ರಾ – 12’ ಎಂದು ಬರೆದ ಚೀಟಿ ಸಿಕ್ಕಿತೆನ್ನಿ. ನಿಮ್ಮ ಬಳಿ ಸಿಕ್ಕ ಕಾಗದ ನಿಮ್ಮದೇ, ಅದರಲ್ಲಿ ಇರುವುದು ನಿಜವೇ ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ಕ್ಯಾಷಿಯರ್ ನಡೆಸುವ ಚೀಟಿ ವ್ಯವಹಾರದ ಲೆಕ್ಕ ಅದಾಗಿದ್ದರೆ ಅಲ್ಲೇ ಹೇಳಿ ಬರೆಸಿ. ನೆನಪಿಲ್ಲದಿದ್ದರೆ ‘ಪುಸ್ತಕ ನೋಡಿ ಹೇಳುತ್ತೇನೆ’ ಎನ್ನಿ. ಜಾಣತನ ತೋರಿಸಲು ಹೋಗಿ ಊಹೆ ಮಾಡಬೇಡಿ, ಸುಳ್ಳಂತೂ ಬೇಡವೇ ಬೇಡ. ಇಂಗ್ಲಿಷಿನಲ್ಲಿ ಟೈಪ್ ಆಗಿದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ.

ರಾತ್ರಿ ಒಂದರ ಹೊತ್ತಿಗೆ, ಎಲ್ಲರೂ ಸುಸ್ತಾದಾಗ, ‘ಇಷ್ಟು ಕೋಟಿ ಒಪ್ಪಿಕೊಂಡರೆ ಮುಗಿಯಿತಲ್ಲ’ ಎಂಬ ಮಾತು ಬರುವುದುಂಟು. ಒತ್ತಾಯದಿಂದ ಆದಾಯ ಒಪ್ಪಿಸಬಾರದು, ಸಾಕ್ಷ್ಯ ಹುಡುಕಿ ಎಂದು ಕೇಂದ್ರೀಯ ನೇರ ತೆರಿಗೆ ಮಂಡಳಿಯೇ 2003ರ ಮಾರ್ಚ್ 10ರಂದು ತನ್ನ ಅಧಿಕಾರಿಗಳಿಗೆ ಸೂಚಿಸಿದೆ. ನಿಜಕ್ಕೂ ಮುಚ್ಚಿಟ್ಟ ಆದಾಯವಿದ್ದರೆ ಒಪ್ಪಿಕೊಳ್ಳುವುದು ಬೇರೆ ಮಾತು. ನಿದ್ದೆಗೆ ಬೆಲೆಯಾಗಿ ಅಂಕಿ ಹೇಳಿ, ತಿಂಗಳು ಕಳೆದ ಮೇಲೆ ‘ಒತ್ತಡದಲ್ಲಿ ಹೇಳಿದೆ’ ಎಂದರೆ ಕೇಳುವವರು ಕಡಿಮೆ.

ಜಪ್ತಿಗೂ ಮಿತಿಯಿದೆ. ವ್ಯಾಪಾರದ ದಾಸ್ತಾನನ್ನು ಪಟ್ಟಿ ಮಾಡಬಹುದು, ಒಯ್ಯುವಂತಿಲ್ಲ. ಮನೆಯ ಒಡವೆಯಲ್ಲಿ ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250, ಪುರುಷನಿಗೆ 100 ಗ್ರಾಂವರೆಗೆ ಜಪ್ತಿ ಮಾಡಬಾರದೆಂದು 1994ರ ಸುತ್ತೋಲೆ ಹೇಳುತ್ತದೆ.

ಕೊನೆಗೆ ಬರುವುದು ಪಂಚನಾಮೆ, ನಮ್ಮ ಕಡೆಯ ಮಾತಿನಲ್ಲಿ ಮಹಜರು. ಅದರ ಜೊತೆಗಿರುವ ಪಟ್ಟಿಗಳನ್ನು ಒಂದೊಂದಾಗಿ ತಾಳೆ ನೋಡಿ. ಪುಸ್ತಕ ಎಷ್ಟು, ಪುಟ ಎಷ್ಟು, ಪೆನ್‌ಡ್ರೈವ್ ಎಷ್ಟು, ನಗದು ಎಷ್ಟು, ಶುರುವಾದ ಮತ್ತು ಮುಗಿದ ಸಮಯ ಸರಿಯಿದೆಯೇ. ಪ್ರತಿಯನ್ನು ಉಚಿತವಾಗಿ ಕೊಡಬೇಕು, ಬಿಡದೆ ಪಡೆಯಿರಿ. ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಪುಸ್ತಕಗಳು ಹೋಗಿದ್ದರೆ ನಕಲು ಕೇಳಿ ಮರುದಿನವೇ ಅರ್ಜಿ ಹಾಕಿ. ಯಾರು ಏನು ಕೇಳಿದರು, ನೀವು ಏನು ಹೇಳಿದಿರಿ ಎಂಬುದನ್ನು ನೆನಪು ಹಸಿಯಿರುವಾಗಲೇ ಬರೆದು ನಿಮ್ಮ ಆಡಿಟರಿಗೂ ವಕೀಲರಿಗೂ ಕೊಡಿ. ಯಾವುದಾದರೂ ಬೀರುವಿಗೆ ತೆರೆಯಬಾರದೆಂಬ ನಿಷೇಧಾಜ್ಞೆ ಹಾಕಿ ಸೀಲ್ ಮಾಡಿದ್ದರೆ ಅದು 60 ದಿನ ಇರಬಹುದು. ಅಷ್ಟು ದಿನ ಮನೆಗೆಲಸದವರಿಗೂ ಒಂದು ಮಾತು ಹೇಳಿರಿ. ಧೂಳು ಒರೆಸಲು ಹೋಗಿ ಸೀಲು ಕಿತ್ತುಬಂದರೂ ಉತ್ತರ ಕೊಡಬೇಕಾದವರು ನೀವೇ.